ಹುಳುವಿಗೊಂದು ಮೂಲೆ

ನಮ್ಮ ಹಳ್ಳಿಮನೆಯ ಅಟ್ಟದಲ್ಲಿ ಎರಡು ಚಂದ್ರಂಕಿಗಳು ಇನ್ನೂ ಉಳಿದಿವೆ. ಕನಕಪುರ, ರಾಮನಗರದ ಕಡೆಯವರಿಗೆ ಚಂದ್ರಂಕಿ ಎಂದರೇನೆಂದು ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಆಳೆತ್ತರದ ಬಿದಿರು ತಡಿಕೆಯ ಮೇಲೆ ಬಿದಿರಿನದೇ ತೆಳುಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಚಕ್ಕುಲಿ ಒತ್ತಿದ ಹಾಗೆ ಸುತ್ತು ಸುತ್ತಾಗಿ ಕಟ್ಟಿಕೊಂಡು ಹೋಗಿರುತ್ತಾರೆ. ನಾಲ್ಕು ಜ್ವರ, ಅಂದರೆ ನಾಲ್ಕು ಸಲ ಪೊರೆ ಬಿಡುವುದು, ಕಳೆದು ಹಣ್ಣಾದ ರೇಷ್ಮೆಹುಳುಗಳನ್ನು ಆರಿಸಿ ಅದರ ಮೇಲೆ ಬಿಟ್ಟರೆ, ಒಂದೊಂದೂ ಪಟ್ಟಿಯ ಸಂದಿನಲ್ಲಿ ತನಗೊಂದು ಮೂಲೆ ಹಿಡಿದು ಗೂಡು ಕಟ್ಟಲು ತೊಡಗುತ್ತದೆ. ಮೂರು ದಿನಕ್ಕೆ ಚಂದ್ರಂಕಿಯ ತುಂಬ ಗೂಡು. ಸಂಜೆಯ ಬಿಸಿಲಿಗೆ ಓರೆಯಾಗಿ ಒರಗಿಸಿಟ್ಟ ಚಂದ್ರಂಕಿಗಿಂತ ಚೆಂದದ ಗೋಡೆಯನ್ನು ನಾನು ಇನ್ನೂ ಕಂಡಿಲ್ಲ.

ನಾನು ಆರನೆಯ ತರಗತಿಯಲ್ಲಿದ್ದ ವರ್ಷ ಬೆಳೆ ಎಲ್ಲ ಒಂದೇ ರಾತ್ರಿ ಹಣ್ಣಾಯಿತು. ಬಾಡಿಗೆಗೆ ಹೇಳಿಟ್ಟಿದ್ದ ಚಂದ್ರಂಕಿ ಸಮಯಕ್ಕೆ ಬರಲಿಲ್ಲ. ತಟ್ಟೆಯಲ್ಲೇ ಉಳಿದ ಹುಳುಗಳು ತಲೆ ಎತ್ತಿ ಎತ್ತಿ ಆಧಾರ ಹುಡುಕಿದವು. ಸಿಗದೆ ಹೋದಾಗ ಹಾಸಿದ್ದ ಕಾಗದದ ಮೇಲೇ ಅತ್ತಿತ್ತ ಓಡಾಡುತ್ತ ನೂಲು ಬಿಟ್ಟವು. ಬೆಳಿಗ್ಗೆ ನೋಡಿದರೆ ಹಲವು ತಟ್ಟೆಗಳಲ್ಲಿ ಗೂಡೇ ಇಲ್ಲ. ಸೀರೆಯ ತುಂಡಿನ ಹಾಗೆ ಚಪ್ಪಟೆಯಾದ ತೆಳ್ಳನೆಯ ರೇಷ್ಮೆ ಹಾಳೆ ಮಾತ್ರ. ಅದೇ ಹುಳು, ಅದೇ ಸೊಪ್ಪು, ಅದೇ ನೂಲು. ಅವ್ವ ಆ ಹಾಳೆಯನ್ನು ಮೆಲ್ಲಗೆ ಎಬ್ಬಿಸಿ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಗೂಡಿನ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಇಲ್ಲ.

ಈ ಹಾಳೆಯ ನೆನಪು ನನಗೆ ಮತ್ತೆ ಬಂದದ್ದು ಬೆಂಗಳೂರಿನ ಒಂದು ಆಸ್ಪತ್ರೆಯ ಕೋಣೆಯಲ್ಲಿ, ಅಕ್ಕನ ಮಗನ ಮಂಡಿಯ ಚಿತ್ರ ನೋಡುತ್ತಿದ್ದಾಗ.

ಹುಡುಗನಿಗೆ ಇಪ್ಪತ್ತೆರಡು. ಕಾಲೇಜಿನ ಕಬಡ್ಡಿ ತಂಡದಲ್ಲಿ ರೈಡರ್. ಹಿಡಿದವರ ಕೈ ಬಿಡಿಸಿಕೊಳ್ಳುವಾಗ ಮಂಡಿ ತಿರುಚಿತು. ಊತ ಇಳಿಯಿತು, ನೋವು ಇಳಿಯಲಿಲ್ಲ. ಎಮ್ಮಾರೈ ಮಾಡಿಸಿದಾಗ ತೊಡೆಮೂಳೆಯ ತುದಿಯ ಬಿಳಿ ಹೊದಿಕೆಯಲ್ಲಿ ರೂಪಾಯಿ ನಾಣ್ಯದಗಲದ ಒಂದು ಗುಂಡಿ ಕಂಡಿತು. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸುತ್ತ, “ಇದು ತಾನಾಗಿ ತುಂಬಿಕೊಳ್ಳೋದಿಲ್ಲ” ಎಂದರು. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಗುತ್ತದೆ, ಇದೇಕೆ ಆಗುವುದಿಲ್ಲ ಎಂಬುದು ಹುಡುಗನ ಪ್ರಶ್ನೆ. ನನ್ನದೂ ಅದೇ. ಅಲ್ಲಿಂದ ಮುಂದೆ ಆರು ತಿಂಗಳು ನಾನು ಓದಿದ್ದೆಲ್ಲ ಮಂಡಿಯ ವಿಷಯವೇ.

ಆ ಬಿಳಿ ಹೊದಿಕೆಗೆ ಮೃದ್ವಸ್ಥಿ ಎಂಬ ಹೆಸರಿರುವುದನ್ನು ಶಾಲೆಯ ಪುಸ್ತಕದಲ್ಲಿ ಓದುವ ಮೊದಲೇ ನಾವೆಲ್ಲ ಅದನ್ನು ತಟ್ಟೆಯಲ್ಲಿ ಕಂಡಿರುತ್ತೇವೆ. ಭಾನುವಾರದ ಕಾಲು ಸಾರಿನಲ್ಲಿ ಮೂಳೆಯ ತುದಿಗೆ ಬೆಳ್ಳಗೆ, ತುಸು ನೀಲಿ ಛಾಯೆಯಲ್ಲಿ ಹೊಳೆಯುವ ನುಣುಪು ಇರುತ್ತದಲ್ಲ, ಅದೇ. ನಮ್ಮ ತಾತ ಅದನ್ನು ಹಲ್ಲಿನಿಂದ ಕೆತ್ತಿ ತಿನ್ನುತ್ತಿದ್ದರು. ಮನುಷ್ಯನ ಕೀಲಿನಲ್ಲಿ ಅದರ ದಪ್ಪ ಹೆಚ್ಚಿನ ಕಡೆ 2ರಿಂದ 4 ಮಿಲಿಮೀಟರು. ಇಷ್ಟು ತೆಳು ಹೊದಿಕೆ ನಡೆಯುವಾಗ ಮೈತೂಕದ ಎರಡು ಮೂರು ಪಟ್ಟು ಭಾರ ಹೊರುತ್ತದೆ, ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತ ನಯವಾಗಿ ಜಾರುತ್ತದೆ. ಹೇಗೆ? ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿದರೆ ಉಬ್ಬಿ ಲೋಳೆಯಾಗುತ್ತದೆ. ಅದನ್ನೇ ಗಟ್ಟಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ನೀರಿಗೆ ಹಾಕಿ: ಬೀಜ ಉಬ್ಬಲು ನೋಡುತ್ತದೆ, ಬಟ್ಟೆ ಬಿಡುವುದಿಲ್ಲ, ಗಂಟು ಕಲ್ಲಿನಂತಾಗುತ್ತದೆ. ಮೃದ್ವಸ್ಥಿಯಲ್ಲಿ ನೀರು ಹೀರುವ ಬೀಜದ ಕೆಲಸ ಅಗ್ರಿಕಾನ್ ಎಂಬ ದೊಡ್ಡ ಅಣುವಿನದು, ಬಟ್ಟೆಯ ಕೆಲಸ ಕೊಲಾಜೆನ್ ನಾರಿನದು. ಆ ನಾರೂ ಸುಮ್ಮನೆ ಹೆಣೆದದ್ದಲ್ಲ. ಮೂಳೆಯಿಂದ ನೇರವಾಗಿ ಮೇಲೆದ್ದು, ನಡುವೆ ಬಾಗಿ, ಮೇಲ್ಮೈಯಲ್ಲಿ ಅಡ್ಡಲಾಗಿ ಹರಡಿ ಮತ್ತೆ ಕೆಳಗಿಳಿಯುತ್ತದೆ, ಕಮಾನಿನ ಸಾಲಿನ ಹಾಗೆ. ಜರ್ಮನಿಯ ಬೆನ್ನಿಂಗ್‌ಹಾಫ್ ಎಂಬ ಅಂಗರಚನಾ ಶಾಸ್ತ್ರಜ್ಞ ಈ ಕಮಾನುಗಳನ್ನು 1925ರಲ್ಲಿ ವಿವರಿಸಿದ.

ಇಂಥ ಕಟ್ಟಡದೊಳಗೆ ವಾಸ ಮಾಡುವವರು ಬಹಳ ಕಡಿಮೆ. ನೂರು ಪಾಲಿನಲ್ಲಿ ಎರಡು ಪಾಲಿನಷ್ಟು ಜಾಗದಲ್ಲಿ ಮಾತ್ರ ಜೀವಕೋಶಗಳು. ಒಂದೊಂದೂ ತನ್ನ ಗುಳಿಯಲ್ಲಿ ದುಂಡಗೆ, ಒಂಟಿಯಾಗಿ ಕೂತಿರುತ್ತದೆ. ರಕ್ತನಾಳ ಇಲ್ಲ, ನರ ಇಲ್ಲ. ನರ ಇಲ್ಲದ್ದರಿಂದ ಪೆಟ್ಟು ಬಿದ್ದದ್ದು ಗೊತ್ತಾಗುವುದಿಲ್ಲ. ಕೆಳಗಿನ ಮೂಳೆಗೋ ಸುತ್ತಲಿನ ಪೊರೆಗೋ ತಾಕಿದ ಮೇಲಷ್ಟೇ ನೋವು. ರಕ್ತ ಇಲ್ಲದ್ದರಿಂದ ಗಾಯ ಮಾಗುವುದಕ್ಕೆ ಬೇಕಾದ ಯಾವ ಸಾಮಗ್ರಿಯೂ ಅಲ್ಲಿಗೆ ಬರುವುದಿಲ್ಲ. ಈ ಗಾಯ ಮಾಗದೆಂಬುದನ್ನು ಬಹಳ ಹಿಂದೆಯೇ ಸ್ಪಷ್ಟವಾಗಿ ಬರೆದಿಟ್ಟವನು ಸ್ಕಾಟ್ಲೆಂಡಿನ ವಿಲಿಯಂ ಹಂಟರ್. 1743ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಗೆ ಕೊಟ್ಟ ಪ್ರಬಂಧದಲ್ಲಿ, ಕೀಲಿನ ಮೃದ್ವಸ್ಥಿ ಒಮ್ಮೆ ಹಾಳಾದರೆ ಮತ್ತೆ ಬರುವುದಿಲ್ಲವೆಂದು ಆತ ಹೇಳಿದ. ಇನ್ನೂರೆಂಬತ್ತು ವರ್ಷ ದಾಟಿದರೂ ನಮ್ಮ ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದ್ದು ಅದನ್ನೇ.

ರಕ್ತ ಬಾರದಿದ್ದರೆ ಬರುವಂತೆ ಮಾಡೋಣ ಎಂದು ಹೊರಟವರಿದ್ದಾರೆ. ಇಂಗ್ಲೆಂಡಿನ ಪ್ರೀಡಿ 1959ರಲ್ಲಿ ಕೆಳಗಿನ ಮೂಳೆಗೆ ತೂತು ಕೊರೆಯುವ ಕ್ರಮವನ್ನು ಪ್ರಕಟಿಸಿದ. ಮುಂದೆ ಅಮೆರಿಕದ ಕೊಲರಾಡೊದಲ್ಲಿ ರಿಚರ್ಡ್ ಸ್ಟೆಡ್‌ಮನ್ ಸಣ್ಣ ದಬ್ಬಳದಂಥ ಸಲಕರಣೆಯಿಂದ ಚುಚ್ಚುವ ಮೈಕ್ರೋಫ್ರಾಕ್ಚರ್ ವಿಧಾನವನ್ನು ರೂಢಿಗೆ ತಂದರು. ಮಜ್ಜೆಯ ರಕ್ತ ಮೇಲೆ ಬಂದು ಗುಂಡಿಯಲ್ಲಿ ಹೆಪ್ಪುಗಟ್ಟುತ್ತದೆ, ನಿಧಾನವಾಗಿ ಅಲ್ಲೊಂದು ಅಂಗಾಂಶ ಬೆಳೆಯುತ್ತದೆ. ಎಷ್ಟೋ ಆಟಗಾರರು ಇದರಿಂದ ಮೈದಾನಕ್ಕೆ ಮರಳಿದ್ದಾರೆ. ಆದರೆ ಬೆಳೆಯುವುದು ಬಹುಮಟ್ಟಿಗೆ ನಾರುನಾರಾದ ತೇಪೆ, ಗಾಯದ ಕಲೆಯ ಜಾತಿಯದು. ಮೊದಲಿನ ನುಣುಪಾಗಲಿ, ನೀರು ಹಿಡಿಯುವ ಬಲವಾಗಲಿ ಅದಕ್ಕಿಲ್ಲ. ವರ್ಷಗಳು ಕಳೆದಂತೆ ಸವೆಯುತ್ತದೆ.

ಸ್ವೀಡನ್ನಿನ ಗಾಟೆನ್‌ಬರ್ಗ್‌ನಲ್ಲಿ ಲಾರ್ಸ್ ಪೀಟರ್‌ಸನ್, ಮಾಟ್ಸ್ ಬ್ರಿಟ್‌ಬರ್ಗ್ ಮತ್ತು ಜೊತೆಗಾರರು ಬೇರೆ ದಾರಿ ಹಿಡಿದರು. ರೋಗಿಯ ಮಂಡಿಯಲ್ಲೇ, ಭಾರ ಬೀಳದ ಕಡೆಯಿಂದ, ಚೂರು ಮೃದ್ವಸ್ಥಿ ಕೆತ್ತಿ ತೆಗೆದು, ಅದರೊಳಗಿನ ಕೋಶಗಳನ್ನು ಬಿಡಿಸಿ, ಪ್ರಯೋಗಾಲಯದಲ್ಲಿ ಕೆಲವು ವಾರ ಬೆಳೆಸಿ, ಮತ್ತೆ ಆ ಗುಂಡಿಗೇ ಹಾಕುವುದು. ಮೊದಲ ರೋಗಿಗೆ ಹೀಗೆ ಮಾಡಿದ್ದು 1987ರಲ್ಲಿ. 1994ರಲ್ಲಿ 23 ಜನರ ಫಲಿತಾಂಶ ಪ್ರಕಟಿಸಿದರು. ತೊಡೆಮೂಳೆಯ ತುದಿಯಲ್ಲಿ ಗುಂಡಿ ಇದ್ದ 16 ಜನರಲ್ಲಿ 14 ಮಂದಿಗೆ ಒಳ್ಳೆಯದಾಯಿತು. ಮಂಡಿಚಿಪ್ಪಿನಲ್ಲಿ ಇದ್ದ 7 ಜನರಲ್ಲಿ ಇಬ್ಬರಿಗೆ ಮಾತ್ರ. ಆ ಎರಡು ಸಂಖ್ಯೆಗಳನ್ನು ಒಟ್ಟಿಗೆ ಬರೆದ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಕೋಶಗಳು ದ್ರವದಲ್ಲಿ ತೇಲುತ್ತಿದ್ದವು. ಅವು ಹರಿದು ಹೋಗದಂತೆ ಮೂಳೆಯ ಮೇಲಿನ ತೆಳು ಪೊರೆಯೊಂದನ್ನು ಗುಂಡಿಯ ಬಾಯಿಗೆ ಸುತ್ತಲೂ ಹೊಲಿಯಬೇಕಿತ್ತು, ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿದ ಹಾಗೆ.

ಇಲ್ಲಿ ಒಂದು ತೊಡಕು. ನಮ್ಮ ಹುಳುವಿನ ಹಾಳೆಯ ಅರ್ಥ ನನಗೆ ಹೊಳೆದದ್ದು ಇಲ್ಲಿಯೇ. ಕೀಲಿನಲ್ಲಿ ದುಂಡಗಿದ್ದ ಕೋಶವನ್ನು ಪ್ರಯೋಗಾಲಯದ ಚಪ್ಪಟೆ ತಟ್ಟೆಯ ಮೇಲೆ ಬೆಳೆಸಿದರೆ ಅದು ಬೇಗ ಬೇಗ ಹೆಚ್ಚುತ್ತದೆ, ಆದರೆ ತಾನೂ ಚಪ್ಪಟೆಯಾಗುತ್ತದೆ. ನಕ್ಷತ್ರದ ಹಾಗೆ ಕೈಕಾಲು ಚಾಚುತ್ತದೆ. ಮೃದ್ವಸ್ಥಿಗೆ ಬೇಕಾದ ಎರಡನೆಯ ಬಗೆಯ ಕೊಲಾಜೆನ್ ನೇಯುವುದನ್ನು ಬಿಟ್ಟು, ಚರ್ಮದಲ್ಲೂ ಗಾಯದ ಕಲೆಯಲ್ಲೂ ಇರುವ ಮೊದಲನೆಯ ಬಗೆಯದನ್ನು ನೇಯತೊಡಗುತ್ತದೆ. ತಾನು ಯಾರೆಂಬುದನ್ನೇ ಮರೆಯುತ್ತದೆ. 1982ರಲ್ಲಿ ಅಮೆರಿಕದ ಬೆನ್ಯಾ ಮತ್ತು ಶಾಫರ್ ಹೀಗೆ ಮರೆತುಹೋದ ಮೊಲದ ಕೋಶಗಳನ್ನು ತೆಗೆದು ಅಗರೋಸ್ ಎಂಬ ಮೃದುವಾದ ಜೆಲ್ಲಿನೊಳಗೆ ಹುದುಗಿಸಿಟ್ಟರು. ಅಗರೋಸ್ ಎಂದರೆ ಕಡಲಪಾಚಿಯಿಂದ ಬರುವ ವಸ್ತು. ಎಲ್ಲ ಕಡೆಯಿಂದಲೂ ಆಸರೆ ಸಿಕ್ಕಾಗ ಕೋಶಗಳು ಮತ್ತೆ ದುಂಡಗಾದವು, ಮತ್ತೆ ಎರಡನೆಯ ಬಗೆಯ ಕೊಲಾಜೆನ್ ನೇಯ್ದವು. ಔಷಧಿ ಹಾಕಿರಲಿಲ್ಲ, ಜೀನು ತಿದ್ದಿರಲಿಲ್ಲ. ಕೂರುವ ಜಾಗ ಬದಲಾಗಿತ್ತು, ಅಷ್ಟೇ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಅವ್ವನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, “ಅದ್ರಾಗೇನೈತಪ್ಪ ಆಶ್ಚರ್ಯ? ಹಣ್ಣಾದ್ ಹುಳೀಗೆ ಚಂದ್ರಂಕಿ ಕೊಡ್ದಿದ್ರೆ ಗೂಡೆಲ್ ಕಟ್ತದೆ?” ಎಂದಳು.

ಈ ಆಸರೆಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ಸ್ಕ್ಯಾಫೋಲ್ಡ್. ಕನ್ನಡದಲ್ಲಿ ಗಾರೆಯವರ ಬಾಯಲ್ಲಿ ಅದು ಸಾರುವೆ. ಗೋಡೆ ಏಳುವವರೆಗೆ ಹೊರಗೆ ಕಟ್ಟುವ ಮರದ ಅಟ್ಟಣೆ. ಆದರೆ ಸಾರುವೆ ಗೋಡೆಯ ಹೊರಗೆ ನಿಲ್ಲುತ್ತದೆ, ಕೆಲಸ ಮುಗಿದ ಮೇಲೆ ಯಾರಾದರೂ ಬಿಚ್ಚಬೇಕು. ಚಪ್ಪರ ಎನ್ನೋಣವೆಂದರೆ, ಅವರೆ ಬಳ್ಳಿ ಕೊನೆಯತನಕ ಚಪ್ಪರವನ್ನೇ ನೆಚ್ಚಿಕೊಂಡಿರುತ್ತದೆ. ಮಂಡಿಯೊಳಗಿನ ಆಸರೆ ಗುಂಡಿಯ ಒಳಗೇ ಕೂರಬೇಕು, ಕೋಶಗಳಿಗೆ ಮೂಲೆ ಕೊಡಬೇಕು, ಅವು ತಮ್ಮ ನೂಲು ನೇಯುತ್ತ ಹೋದಂತೆ ತಾನು ಕರಗುತ್ತ ಹೋಗಬೇಕು. ಬೇಗ ಕರಗಿದರೆ ಕೋಶಗಳು ನೆಲಕ್ಕೆ ಬೀಳುತ್ತವೆ, ನಿಧಾನವಾದರೆ ಹೊಸ ಅಂಗಾಂಶಕ್ಕೆ ಜಾಗವಿಲ್ಲ. ಈ ಲೆಕ್ಕ ಕೂಡಿಸುವುದರಲ್ಲೇ ಎಷ್ಟೋ ಜನರ ಆಯುಸ್ಸು ಕಳೆದಿದೆ. ನಾನಂತೂ ಮನಸ್ಸಿನಲ್ಲಿ ಇದನ್ನು ಚಂದ್ರಂಕಿ ಎಂದೇ ಕರೆಯುತ್ತೇನೆ.

ಈ ಚಂದ್ರಂಕಿಯನ್ನು ಯಾವುದರಿಂದ ಮಾಡುತ್ತಾರೆ ಎಂದು ನೋಡುತ್ತ ಹೋದರೆ ಇಡೀ ಜೀವಲೋಕವೇ ಬಾಗಿಲಿಗೆ ಬಂದು ನಿಂತಂತಿದೆ. ಜಪಾನಿನ ಮಿತ್ಸುವೊ ಓಚಿ ಕೊಲಾಜೆನ್ ಜೆಲ್ಲಿನಲ್ಲಿ ಕೋಶಗಳನ್ನು ಬೆಳೆಸಿದರು. ಅದಕ್ಕೆ ಅಲ್ಲಿನ ಸರ್ಕಾರ 2012ರಲ್ಲಿ ಒಪ್ಪಿಗೆ ಕೊಟ್ಟಿತು. ಹಂದಿಯ ಕೊಲಾಜೆನ್ನಿನ ಪೊರೆಯ ಮೇಲೆ ರೋಗಿಯ ಕೋಶಗಳನ್ನು ನೆಟ್ಟು ಗುಂಡಿಯ ಅಳತೆಗೆ ಕತ್ತರಿಸಿ ಅಂಟಿಸುವ ಕ್ರಮಕ್ಕೆ ಅಮೆರಿಕದಲ್ಲಿ 2016ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು. ಹವಳದ ಹೊರಚಿಪ್ಪಿನ ಸುಣ್ಣದಿಂದ ಮಾಡಿದ ಸಣ್ಣ ಬಿರಡೆಯಂಥದಕ್ಕೆ 2022ರಲ್ಲಿ. ಅದರಲ್ಲಿ ಹೊರಗಿನಿಂದ ಕೋಶ ಹಾಕುವುದೇ ಇಲ್ಲ, ಮಜ್ಜೆಯಿಂದ ಬರುವ ಕೋಶಗಳೇ ಹವಳದ ರಂಧ್ರಗಳನ್ನು ಹತ್ತುತ್ತವೆ.

ರೇಷ್ಮೆಯೂ ಇದೆ. ಇದನ್ನು ಬರೆಯುವಾಗ ನನ್ನ ಕೈ ತಾನಾಗಿ ನಿಧಾನವಾಗುತ್ತದೆ. ಬಾಸ್ಟನ್ ಹತ್ತಿರದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕಪ್ಲನ್ ಅವರ ತಂಡ, ನಮ್ಮಲ್ಲಿ ಗುವಾಹಟಿಯ ಐಐಟಿಯಲ್ಲಿ ಬಿಮನ್ ಮಂಡಲ್ ಅವರ ತಂಡ, ದೆಹಲಿಯ ಐಐಟಿಯಲ್ಲಿ ಸೌರಭ್ ಘೋಷ್ ಅವರ ತಂಡ ರೇಷ್ಮೆಯಿಂದ ಮೃದ್ವಸ್ಥಿಯ ಆಸರೆ ಕಟ್ಟುವ ಕೆಲಸ ಮಾಡಿವೆ. ಕ್ರಮ ಹೀಗೆ. ಗೂಡನ್ನು ಕತ್ತರಿಸಿ ಸೋಡಾ ನೀರಿನಲ್ಲಿ ಕುದಿಸುತ್ತಾರೆ. ನೂಲಿನ ಮೇಲಿನ ಸೆರಿಸಿನ್ ಎಂಬ ಅಂಟು ಬಿಟ್ಟುಹೋಗುತ್ತದೆ. ನಮ್ಮ ರೀಲರುಗಳು ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ಹುಡುಕುವಾಗ ಮೆತ್ತಗಾಗುವುದು ಇದೇ ಅಂಟು. ಉಳಿದ ಶುದ್ಧ ನೂಲು ಫೈಬ್ರಾಯಿನ್. ಅದನ್ನು ಲಿಥಿಯಂ ಬ್ರೋಮೈಡ್ ಎಂಬ ಲವಣದ ದ್ರಾವಣದಲ್ಲಿ ಕರಗಿಸಿ, ಲವಣವನ್ನು ತೊಳೆದು ತೆಗೆದರೆ ರೇಷ್ಮೆ ನೀರಾಗಿರುತ್ತದೆ. ಹುಳುವಿನ ಹೊಟ್ಟೆಯಲ್ಲೂ ಅದು ಮೊದಲು ದ್ರವವೇ ತಾನೆ? ಅಚ್ಚಿನಲ್ಲಿ ಅಡುಗೆ ಉಪ್ಪಿನ ಹರಳು ಹರಡಿ, ಆ ದ್ರವವನ್ನು ಸೇರಿಸಿ, ಗಟ್ಟಿಯಾದ ಮೇಲೆ ನೀರಿನಲ್ಲಿಟ್ಟರೆ ಉಪ್ಪು ಕರಗಿಹೋಗುತ್ತದೆ. ಉಪ್ಪಿದ್ದ ಜಾಗವೆಲ್ಲ ರಂಧ್ರ. ಬೆಳ್ಳನೆಯ ಸ್ಪಂಜು ಸಿಗುತ್ತದೆ. ಹರಳಿನ ಗಾತ್ರ ಎಷ್ಟೋ ರಂಧ್ರದ ಗಾತ್ರ ಅಷ್ಟು. ರೇಷ್ಮೆ ಗಟ್ಟಿ, ದೇಹಕ್ಕೆ ಹೊಂದುತ್ತದೆ, ನಿಧಾನವಾಗಿ ಕರಗುತ್ತದೆ. ಗಾಯ ಹೊಲಿಯಲು ವೈದ್ಯರು ಮೊದಲಿನಿಂದಲೂ ಅದನ್ನು ನಂಬಿದ್ದಾರೆ. ಕಬಡ್ಡಿ ಆಡುವ ಹುಡುಗನ ಮಂಡಿಗೆ ಇದು ಇನ್ನೂ ಬಂದಿಲ್ಲ, ಪ್ರಯೋಗಾಲಯದ ಹಂತದಲ್ಲೇ ಇದೆ. ಆದರೂ ಗೂಡನ್ನು ಕರಗಿಸಿ, ಹುಳುವಿನ ಬದಲು ಮನುಷ್ಯನ ಕೋಶವನ್ನು ಅದರೊಳಗೆ ಕೂರಿಸುವ ಯೋಚನೆ ಬಂದ ತಲೆಗಳಿಗೆ ರಾಮನಗರದ ಮಾರುಕಟ್ಟೆಯ ಪರವಾಗಿ ನಾನು ಕೈ ಮುಗಿಯುತ್ತೇನೆ.

ನಮ್ಮ ಹುಡುಗನಿಗೆ ಮಾಡಿದ್ದು ಇನ್ನೊಂದು ಬಗೆಯದು. ಅವನದೇ ಕೋಶಗಳನ್ನು ಬೆಳೆಸಿ ಹಾಕುವ ಚಿಕಿತ್ಸೆಗೆ ನಮ್ಮ ದೇಶದಲ್ಲಿ 2017ರಲ್ಲಿ ಅನುಮತಿ ಸಿಕ್ಕಿದೆ. ಮೊದಲ ಸಲ ದೂರದರ್ಶಕದಂಥ ಸಣ್ಣ ಕೊಳವೆ ಹಾಕಿ ಚೂರು ತೆಗೆದರು. ಕೆಲವು ವಾರಗಳ ಮೇಲೆ ಎರಡನೆಯ ಸಲ ಮಂಡಿ ತೆರೆದು, ಗುಂಡಿಯ ಅಂಚನ್ನು ನೇರ್ಪುಗೊಳಿಸಿ, ಕೋಶಗಳನ್ನು ಫೈಬ್ರಿನ್ ಅಂಟಿನಲ್ಲಿ ಕಲಸಿ ತುಂಬಿದರು. ಫೈಬ್ರಿನ್ ಎಂದರೆ ರಕ್ತ ಹೆಪ್ಪುಗಟ್ಟುವಾಗ ಬಲೆಯ ಹಾಗೆ ಹೆಣೆದುಕೊಳ್ಳುವ ನಾರು. ನಮ್ಮೆಲ್ಲರ ಗಾಯದ ಮೊದಲ ಚಂದ್ರಂಕಿ ಅದು. ಕೆಲವೇ ನಿಮಿಷದಲ್ಲಿ ಅದು ಗಟ್ಟಿಯಾಯಿತಂತೆ.

“ಅಂಚು ಗಟ್ಟಿಯಾಗಿರಬೇಕು” ಎಂದು ಡಾಕ್ಟರು ಮೂರು ಸಲ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ಸುಗ್ಗಿಗೆ ಮೊದಲು ಕಣ ಸಾರಿಸುವವರಿಗೆ ಈ ಮಾತು ಹೊಸದಲ್ಲ. ಗಟ್ಟಿ ಕಣದಲ್ಲಿ ಒಂದು ಗುಂಡಿ ಬಿದ್ದರೆ ಅಂಚು ಕೆತ್ತಿ, ಮಣ್ಣು ತುಂಬಿ, ಬಡಿದು, ಸಗಣಿ ಸಾರಿಸಿದರೆ ಅದು ಕೂಡಿಕೊಳ್ಳುತ್ತದೆ. ಇಡೀ ಕಣವೇ ಪುಡಿಯಾಗಿದ್ದರೆ ತೇಪೆ ಯಾವುದನ್ನು ಹಿಡಿದು ನಿಲ್ಲಬೇಕು?

ನಮ್ಮ ಅವ್ವನ ಮಂಡಿ ಹಾಗೆ. ಮೂವತ್ತು ವರ್ಷ ಕುಕ್ಕುರುಗಾಲಿನಲ್ಲಿ ಕೂತು ತಟ್ಟೆ ತಟ್ಟೆಗೆ ಸೊಪ್ಪು ಹಾಕಿದವಳು, ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬಂದವಳು. ಈಗ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾಳೆ. ಮೊಮ್ಮಗನ ಆಪರೇಷನ್ ಆದ ಮೇಲೆ ಒಂದು ದಿನ ಅವನ ಪಕ್ಕ ಕೂತು, “ನಂಗೂ ಅದ್ನೇ ಹಾಕ್ಸಿದ್ರಾಗಲ್ವಾ ಮಗಾ?” ಎಂದು ಕೇಳಿದಳು. ಅವನು ನನ್ನ ಮುಖ ನೋಡಿದ. ನಾನು ಅವಳ ಎಕ್ಸ್‌ರೇ ತೆಗೆದುಕೊಂಡು ಅದೇ ಡಾಕ್ಟರ ಹತ್ತಿರ ಹೋದೆ. ಎರಡು ಮೂಳೆಯ ನಡುವೆ ಇರಬೇಕಾದ ಸಂದು ಒಂದು ಕಡೆ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಇಷ್ಟು ಸವೆದ ಮಂಡಿಯಲ್ಲಿ ಹೊದಿಕೆಯ ಜೊತೆ ಕೆಳಗಿನ ಮೂಳೆಯೂ, ಕೀಲಿನೊಳಗಿನ ದ್ರವವೂ ಬದಲಾಗಿರುತ್ತದೆ. ಹೊಸದಾಗಿ ನೆಟ್ಟ ಕೋಶ ಆ ವಾತಾವರಣದಲ್ಲಿ ಬಾಳುವುದು ಕಷ್ಟ. ತೊಡೆಯ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು, ನೆಲದ ಮೇಲೆ ಕುಕ್ಕರಿಸದಿರುವುದು, ಬೇಕೇಬೇಕಾದರೆ ಕೃತಕ ಮಂಡಿ ಎಂದರು. ಅವ್ವನಿಗೆ ನಾನು ಇದನ್ನು ಮುಚ್ಚಿಡಲಿಲ್ಲ. ಅವಳು ಈಗ ದಿನಾ ಬೆಳಿಗ್ಗೆ ಮಂಚದ ಮೇಲೆ ಕೂತು ಮಂಡಿಯ ಕೆಳಗೆ ಟವೆಲ್ಲು ಸುತ್ತಿಟ್ಟುಕೊಂಡು ಒತ್ತುತ್ತಾಳೆ, ಹತ್ತು ಎಣಿಸುತ್ತಾಳೆ, ಬಿಡುತ್ತಾಳೆ.

ಒತ್ತುವುದು, ಬಿಡುವುದು. ರಕ್ತವಿಲ್ಲದ ಆ ಹೊದಿಕೆಗೆ ಊಟ ಸಿಗುವುದೂ ಹೀಗೆಯೇ. ಕಾಲೂರಿದಾಗ ಹಿಂಡಿದಂತಾಗುತ್ತದೆ, ಎತ್ತಿದಾಗ ಕೀಲಿನ ದ್ರವವನ್ನು ಹೀರಿಕೊಳ್ಳುತ್ತದೆ. ಮುರಿದ ಕಾಲು, ಗಾಯವಾದ ಕೀಲು ಅಲುಗಾಡಕೂಡದು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಕೆನಡಾದ ಟೊರಾಂಟೊದಲ್ಲಿ ಮಕ್ಕಳ ಮೂಳೆವೈದ್ಯ ರಾಬರ್ಟ್ ಸಾಲ್ಟರ್ ಮೊಲಗಳ ಮೇಲೆ ಪ್ರಯೋಗ ಮಾಡಿ, ಮೆಲ್ಲಗೆ ಬಿಡದೆ ಆಡಿಸುತ್ತಿದ್ದ ಕೀಲಿನಲ್ಲಿ ಮೃದ್ವಸ್ಥಿಯ ಗಾಯ ಚೆನ್ನಾಗಿ ಮಾಗುವುದನ್ನು 1980ರಲ್ಲಿ ತೋರಿಸಿದರು. ಅದರಿಂದ ಹುಟ್ಟಿದ ಯಂತ್ರದ ಮೇಲೆ ನಮ್ಮ ಹುಡುಗನೂ ದಿನಕ್ಕೆ ಹಲವು ಗಂಟೆ ಕಾಲಿಟ್ಟು ಮಲಗಿದ. ಕಾಲು ತಾನಾಗಿ ಮಡಚಿಕೊಳ್ಳುತ್ತದೆ, ಚಾಚಿಕೊಳ್ಳುತ್ತದೆ. ಭಾರ ಮಾತ್ರ ಹಾಕುವಂತಿಲ್ಲ. ಊರುಗೋಲು ಹಿಡಿದು ಬಚ್ಚಲಿಗೆ ಹೋಗುವಾಗ ಅವನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡಿದ್ದೇನೆ. ಗೂಡು ಕಟ್ಟುವ ಮೂರು ದಿನ ಚಂದ್ರಂಕಿಯನ್ನು ಯಾರೂ ಮುಟ್ಟಬಾರದೆಂದು ಅವ್ವ ನಮ್ಮನ್ನು ಗದರಿಸುತ್ತಿದ್ದಳು. ಮಂಡಿಯೊಳಗಿನ ನೇಯ್ಗೆಗೆ ಮೂರು ದಿನ ಸಾಲದು, ವರ್ಷವೇ ಬೇಕು. ಇಷ್ಟೆಲ್ಲ ಮಾಡಿದ ಮೇಲೂ ಬೆನ್ನಿಂಗ್‌ಹಾಫ್ ಕಂಡ ಕಮಾನುಗಳು ಮೊದಲಿನ ಹಾಗೆ ಏಳುವುದಿಲ್ಲ. ಹುಟ್ಟಿದಾಗಿನಿಂದ ಕಟ್ಟಿಕೊಂಡ ಆ ಒಪ್ಪವನ್ನು ಪೂರ್ತಿಯಾಗಿ ಮತ್ತೆ ಕಟ್ಟುವುದು ಈವರೆಗೆ ಯಾರಿಗೂ ಸಾಧ್ಯವಾಗಿಲ್ಲ.

ಆಪರೇಷನ್ ಆಗಿ ಹತ್ತು ತಿಂಗಳಾಯಿತು. ಹೊಸ ಚಿತ್ರದಲ್ಲಿ ಗುಂಡಿ ತುಂಬಿದೆ, ಅಂಚು ಕೂಡಿದೆ. ಹುಡುಗ ಮೆಟ್ಟಿಲು ಹತ್ತುತ್ತಾನೆ, ಸೈಕಲ್ ತುಳಿಯುತ್ತಾನೆ. ಕಬಡ್ಡಿಗೆ ಇನ್ನೂ ನಾಲ್ಕು ತಿಂಗಳು ತಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ, ತಡೆದಿದ್ದಾನೆ.

ಬಸ್ಸಿನ ಹಿಂಬದಿಯಲ್ಲಿ, ಫೋನಿನ ಪರದೆಯಲ್ಲಿ ಮಂಡಿಯ ಸವೆತಕ್ಕೆ ಒಂದೇ ಸೂಜಿಯಲ್ಲಿ ಪರಿಹಾರ ಎಂಬ ಜಾಹೀರಾತುಗಳನ್ನು ನೋಡಿದಾಗಲೆಲ್ಲ ನನಗೆ ಅವ್ವನ ಆ ಪ್ರಶ್ನೆ ಕೇಳಿಸುತ್ತದೆ. ಅವಳಂಥ ಲಕ್ಷಾಂತರ ತಾಯಂದಿರು ಅದನ್ನು ನಂಬಿ, ಓಲೆ ಅಡವಿಟ್ಟು ಹಣ ಕಟ್ಟಬಾರದು. ನಿಮ್ಮ ಮನೆಯಲ್ಲಿ ಯಾರಾದರೂ ಮಂಡಿನೋವೆಂದು ಆಸ್ಪತ್ರೆಗೆ ಹೊರಟರೆ ಜೊತೆಗೆ ಹೋಗಿ. ಚಿತ್ರವನ್ನು ಬೆಳಕಿಗೆ ಹಿಡಿಸಿ, ಇದು ಗುಂಡಿಯೋ ಸವೆತವೋ, ಅಂಚು ಗಟ್ಟಿಯಾಗಿದೆಯೋ ಇಲ್ಲವೋ ಎಂದು ಡಾಕ್ಟರನ್ನು ಕೇಳಿ. ಉತ್ತರ ಸಿಕ್ಕಿದ ಮೇಲೆ ಚಿಕಿತ್ಸೆಯ ಮಾತು ಎತ್ತಿ.